ಸಂಗೀತ ಕೇಳುವುದಕ್ಕೆ ಸುತ್ತಲೂ ಸ್ಪೀಕರ್ ಬೇಕೇ, ಎದುರಿನ ಎರಡೇ ಸಾಕೇ?

ವಿದ್ಯಾನಗರದ ಕೇಳುಗ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಇಲ್ಲಿ ಕಟ್ಟಿಸುತ್ತಿರುವ ಮನೆಯ ಮಹಡಿಯ ಮೇಲೆ ಹನ್ನೆರಡು ಅಡಿ ಅಗಲ, ಹದಿನಾರು ಅಡಿ ಉದ್ದದ ಕೋಣೆಯೊಂದನ್ನು ಹಾಡು ಕೇಳುವುದಕ್ಕೆಂದೇ ಬಿಟ್ಟುಕೊಂಡಿದ್ದೇನೆ. ಪ್ಲಾಸ್ಟರಿಂಗ್ ಇನ್ನೂ ಆಗಿಲ್ಲವಾದ್ದರಿಂದ ಗೋಡೆಯೊಳಗೆ ವೈರಿನ ಪೈಪು ಹಾಯಿಸುವುದಿದ್ದರೆ ಈ ವಾರವೇ ತೀರ್ಮಾನಿಸಬೇಕಾಗಿದೆ. ನಾನು ಕೇಳುವುದು ಹೆಚ್ಚಾಗಿ ವಚನ ಗಾಯನ, ಹಿಂದೂಸ್ತಾನಿ ಗಾಯನ ಮತ್ತು ಹಳೆಯ ಚಿತ್ರಗೀತೆಗಳು. ಮಗಳು ಕೇಳುವುದು ಇಂಗ್ಲಿಷ್ ರಾಕ್ ಮತ್ತು ಈಚಿನ ಸಿನಿಮಾ ಹಾಡುಗಳು. ಸಿನಿಮಾ ನೋಡುವ ಉದ್ದೇಶ ನಮಗಿಲ್ಲ.

ಅಂಗಡಿಯವರೊಬ್ಬರು ಏಳು ಸ್ಪೀಕರ್, ಮಂದ್ರಕ್ಕೆಂದೇ ಒಂದು ಸಬ್‌ವೂಫರ್, ಇವಕ್ಕೆಲ್ಲ ದನಿ ಹಂಚುವ ಒಂದು ಎವಿ ರಿಸೀವರ್ ಸೇರಿಸಿ ಕೊಟೇಶನ್ ಕೊಟ್ಟಿದ್ದಾರೆ. ಅದೇ ಹಣಕ್ಕೆ ಬಹಳ ಒಳ್ಳೆಯ ಒಂದು ಜೊತೆ ಸ್ಪೀಕರ್ ಮತ್ತು ಅದಕ್ಕೆ ತಕ್ಕ ಆಂಪ್ಲಿಫೈಯರ್ ಬರುತ್ತದೆ. ಡಾಲ್ಬಿ ಅಟ್ಮಾಸ್ ಮುಂತಾದ, ದನಿ ಸುತ್ತಲಿಂದಲೂ ಬರುವಂತೆ ಹೊಂದಿಸಿದ ಸುತ್ತುಧ್ವನಿಯ ಮಿಕ್ಸ್‌ಗಳಿಂದ ಸಂಗೀತಕ್ಕೆ ನಿಜವಾಗಿ ಏನಾದರೂ ದಕ್ಕುತ್ತದೆಯೇ, ಅಥವಾ ಹೊಸತರಲ್ಲಿ ಬೆರಗಾಗಿ ಆಮೇಲೆ ಮರೆತುಬಿಡುವಂಥದ್ದೇ? ಸ್ವತಃ ಕೇಳಿ ನೋಡಿದವರು ದಯವಿಟ್ಟು ಹೇಳಬೇಕು.

ತಂಬೂರಿ ಶ್ರುತಿ, ದಾವಣಗೆರೆ

ಎರಡೇ ತೆಗೆದುಕೊಳ್ಳಿ ಸರ್, ಅನುಮಾನವೇ ಬೇಡ. ನೀವು ಕೇಳುವ ಸಂಗೀತದ ಪಟ್ಟಿಯೇ ಉತ್ತರ ಹೇಳುತ್ತಿದೆ. ಹಿಂದೂಸ್ತಾನಿ ಕಛೇರಿಯಲ್ಲಿ ಗಾಯಕರು ಎದುರಿಗೆ ಕುಳಿತಿರುತ್ತಾರೆ. ಅವರ ಬಲಕ್ಕೆ ತಬಲಾ, ಎಡಕ್ಕೆ ಹಾರ್ಮೋನಿಯಂ, ಹಿಂದೆ ತಂಬೂರಿ. ಸಭೆಯಲ್ಲಿ ಕುಳಿತವರಿಗೆ ತಬಲಾ ಎಡದಿಂದ, ಹಾರ್ಮೋನಿಯಂ ಬಲದಿಂದ ಕೇಳಿಸುತ್ತದೆ. ಇಷ್ಟನ್ನೂ ಎರಡು ಸ್ಪೀಕರ್ ಚೆನ್ನಾಗಿಯೇ ತೋರಿಸಿಕೊಡುತ್ತವೆ. ನನ್ನ ಬೆನ್ನ ಹಿಂದೆ ಯಾರೂ ಕುಳಿತು ಹಾಡುವುದಿಲ್ಲ, ಹಾಡಿದರೆ ನಾನು ಒಪ್ಪುವುದೂ ಇಲ್ಲ. ನಮಗಿರುವುದು ಎರಡೇ ಕಿವಿ. ಎರಡು ಕಿವಿಗೆ ಎರಡು ಸ್ಪೀಕರ್ ಸಾಕು.

ಕೋಟೆ ಬಾಗಿಲು, ಚಿತ್ರದುರ್ಗ

ಶ್ರುತಿ ಅವರೇ, ಕಛೇರಿಯ ಮಾತು ಸರಿ, ಆದರೆ ಎರಡು ಕಿವಿಯ ವಾದ ನಿಲ್ಲುವುದಿಲ್ಲ. ಎಡಗಡೆಯ ಸದ್ದು ಎಡಗಿವಿಗೆ ಮೊದಲು ತಲುಪುತ್ತದೆ. ಬಲಗಿವಿಗೆ ತಲುಪುವಾಗ ಹೆಚ್ಚೆಂದರೆ ಒಂದು ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ ತಡವಾಗಿರುತ್ತದೆ, ತಲೆಯ ಮರೆಯಿಂದ ಸ್ವಲ್ಪ ಕುಗ್ಗಿಯೂ ಇರುತ್ತದೆ. ಮುಂದೆ, ಹಿಂದೆ, ಮೇಲೆ ಎಂಬುದನ್ನು ಹೊರಗಿವಿಯ ಮಡಿಕೆಗಳು ಧ್ವನಿಯನ್ನು ಸೋಸುವ ಬಗೆಯಿಂದ ಮಿದುಳು ಗುರುತಿಸುತ್ತದೆ. ಎರಡೇ ಕಿವಿಯಿಂದ ನಾವು ಎಲ್ಲ ದಿಕ್ಕನ್ನೂ ಕೇಳುತ್ತೇವೆ. ಎದುರಿನ ಎರಡು ಸ್ಪೀಕರ್ ಆ ಶಕ್ತಿಯ ಒಂದು ಪಾಲನ್ನು ಮಾತ್ರ ಬಳಸಿಕೊಳ್ಳುತ್ತವೆ.

ಧ್ವನಿಮುದ್ರಣ ನನ್ನ ವೃತ್ತಿ, ಆದ್ದರಿಂದ ಮಿಕ್ಸಿಂಗ್ ಮಾಡುವವರ ಕಡೆಯಿಂದಲೂ ಒಂದು ವಿಷಯ ಹೇಳಬೇಕು. ಸ್ಟೀರಿಯೊದಲ್ಲಿ, ಎಂದರೆ ಎರಡು ಸ್ಪೀಕರಿನ ಪದ್ಧತಿಯಲ್ಲಿ, ಇಪ್ಪತ್ತು ವಾದ್ಯಗಳನ್ನು ಎದುರಿನ ಒಂದು ಸಾಲಿನಲ್ಲಿ ಕೂರಿಸಬೇಕು. ಕೊಳಲು ಮತ್ತು ಪಿಟೀಲು ಒಂದೇ ಸ್ಥಾಯಿಯಲ್ಲಿ ನುಡಿದರೆ ಒಂದು ಇನ್ನೊಂದನ್ನು ಮುಚ್ಚುತ್ತದೆ. ಆಗ ಒಂದರ ನಾದವನ್ನು ಈಕ್ವಲೈಜರಿನಿಂದ ಕೊರೆದು ಇನ್ನೊಂದಕ್ಕೆ ಜಾಗ ಮಾಡಿಕೊಡುತ್ತೇವೆ, ಎದ್ದ ದನಿಯನ್ನು ಕಂಪ್ರೆಸರ್ ಹಾಕಿ ಅದುಮುತ್ತೇವೆ. ಬೇರೆ ಬೇರೆ ದಿಕ್ಕಿನಿಂದ ಬರುವ ದನಿಗಳನ್ನು ಕಿವಿ ತಾನಾಗಿಯೇ ಬಿಡಿಸಿಕೊಳ್ಳುವುದರಿಂದ, ಸುತ್ತುಧ್ವನಿಯಲ್ಲಿ ಈ ಕೊರೆಯುವ ಕೆಲಸ ಬಹಳ ಕಡಿಮೆಯಾಗುತ್ತದೆ. ಪಿಟೀಲು ತನ್ನ ಪೂರ್ತಿ ಮೈಯೊಂದಿಗೆ ಉಳಿಯುತ್ತದೆ. ನನ್ನ ಮಟ್ಟಿಗೆ ಸುತ್ತುಧ್ವನಿಯ ದೊಡ್ಡ ಗುಣ ಇದೇ. ಹೆಲಿಕಾಪ್ಟರ್ ತಲೆಯ ಮೇಲೆ ಹಾರುವುದಲ್ಲ.

ಮಂಡಿಪೇಟೆ

ಕೇಳುವವರು ಒಬ್ಬರೋ, ಮನೆಮಂದಿಯೋ ಎಂಬುದನ್ನು ಮೊದಲು ತಿಳಿಸಿ. ಉತ್ತರ ಅದರ ಮೇಲೆ ಬದಲಾಗುತ್ತದೆ.

ವಿದ್ಯಾನಗರದ ಕೇಳುಗ, ದಾವಣಗೆರೆ

ಸಾಮಾನ್ಯವಾಗಿ ನಾನು, ನನ್ನ ಪತ್ನಿ, ಮಗಳು ಮೂವರೂ ಕೂರುತ್ತೇವೆ.

ಮಂಡಿಪೇಟೆ

ಹಾಗಾದರೆ ನಡುವಿನ ಸ್ಪೀಕರ್ ಬಗ್ಗೆ ಯೋಚಿಸಲೇಬೇಕು. ಎರಡು ಸ್ಪೀಕರುಗಳ ನಡುವೆ ಗಾಯಕ ನಿಂತಂತೆ ಕೇಳಿಸುವುದು ಸರಿಯಾಗಿ ಮಧ್ಯದಲ್ಲಿ ಕುಳಿತವರಿಗೆ ಮಾತ್ರ. ಸೋಫಾದ ತುದಿಯಲ್ಲಿ ಕುಳಿತವರಿಗೆ ಹಾಡುವವರು ಹತ್ತಿರದ ಸ್ಪೀಕರಿನೊಳಗೆ ಹೋಗಿಬಿಡುತ್ತಾರೆ. ನಡುವೆ ನಿಜವಾದ ಸ್ಪೀಕರ್ ಇದ್ದು, ಮಿಕ್ಸ್‌ನಲ್ಲಿಯೂ ಕಂಠವನ್ನು ಅದಕ್ಕೆ ಕೊಟ್ಟಿದ್ದರೆ ಮೂವರಿಗೂ ದನಿ ಒಂದೇ ಜಾಗದಲ್ಲಿ ನಿಲ್ಲುತ್ತದೆ.

ಹಳೇ ತಟ್ಟೆ, ಹರಿಹರ

ಈ ಜಗಳ ಹೊಸದಲ್ಲ. 1970ರ ದಶಕದ ಆರಂಭದಲ್ಲಿ ಕ್ವಾಡ್ರಫೋನಿಕ್ ಎಂಬ ನಾಲ್ಕು ಸ್ಪೀಕರುಗಳ ಪದ್ಧತಿ ಬಂದಾಗಲೂ ಇವೇ ಮಾತುಗಳನ್ನು ಹೇಳಿದ್ದರು. ಸಿಬಿಎಸ್‌ನವರ ಎಸ್‌ಕ್ಯೂ, ಸಾನ್ಸುಯಿಯವರ ಕ್ಯೂಎಸ್, ಜೆವಿಸಿಯವರ ಸಿಡಿ-4 ಎಂದು ಒಂದಕ್ಕೊಂದು ಹೊಂದದ ಪದ್ಧತಿಗಳು ಒಟ್ಟಿಗೆ ಮಾರುಕಟ್ಟೆಗೆ ಬಂದವು. ಎಸ್‌ಕ್ಯೂನಲ್ಲಿ ನಾಲ್ಕು ಚಾನೆಲ್‌ಗಳನ್ನು ಎರಡರೊಳಗೆ ಮಡಚಿ ಮತ್ತೆ ಬಿಡಿಸುತ್ತಿದ್ದುದರಿಂದ ಮುಂದಿನ ದನಿ ಹಿಂದಕ್ಕೂ ಸೋರುತ್ತಿತ್ತು. ಸಿಡಿ-4ರಲ್ಲಿ ತಟ್ಟೆಯ ಗೆರೆಯೊಳಗೇ 30 ಕಿಲೋಹರ್ಟ್ಸ್‌ನ ವಾಹಕ ಅಲೆಯೊಂದನ್ನು ಕೊರೆದಿರುತ್ತಿದ್ದರು. ಅದನ್ನು ಎತ್ತುವುದಕ್ಕೆ ಶಿಬಾಟಾ ಎಂಬ ವಿಶೇಷ ಆಕಾರದ ಮುಳ್ಳು ಬೇಕಾಗುತ್ತಿತ್ತು. ದಶಕ ಮುಗಿಯುವ ಹೊತ್ತಿಗೆ ಎಲ್ಲವೂ ಮಾರುಕಟ್ಟೆಯಿಂದ ಮರೆಯಾದವು. ಮುಂದೆ 1999ರಲ್ಲಿ ಎಸ್‌ಎಸಿಡಿ, 2000ದಲ್ಲಿ ಡಿವಿಡಿ ಆಡಿಯೊ ಎಂಬ, ಸುತ್ತುಧ್ವನಿಯನ್ನೂ ಹಿಡಿಸಬಲ್ಲ ತಟ್ಟೆಗಳು ಬಂದವು. ಅವೂ ಜನರ ಮನೆಗೆ ಹೊಕ್ಕಲಿಲ್ಲ. ಇಷ್ಟು ಸಲ ಸೋತ ಕಲ್ಪನೆಗೆ ಗೋಡೆ ಕೊರೆಯಿಸಬೇಕೇ ಎಂದು ಯೋಚಿಸಿ.

ಕೋಟೆ ಬಾಗಿಲು, ಚಿತ್ರದುರ್ಗ

ಹಿರಿಯರು ಹೇಳಿದ ಇತಿಹಾಸ ಸರಿಯಾಗಿದೆ, ಆದರೆ ಅಂದು ಸೋಲಿಗೆ ಕಾರಣವಾದದ್ದು ಇಂದು ಉಳಿದಿಲ್ಲ. ಆಗ ಇಂತಿಷ್ಟು ಸ್ಪೀಕರಿಗೆ ಇಂತಿಷ್ಟು ಚಾನೆಲ್ ಎಂದು ಗಂಟು ಹಾಕಿ ಮಾರುತ್ತಿದ್ದರು. 2012ರಲ್ಲಿ ಚಿತ್ರಮಂದಿರಗಳಿಗೆ ಬಂದ ಅಟ್ಮಾಸ್‌ನಲ್ಲಿ ದನಿಯ ಜೊತೆಗೆ ಅದು ಎಲ್ಲಿರಬೇಕು ಎಂಬ ಮಾಹಿತಿಯನ್ನೂ ಬರೆದಿಡುತ್ತಾರೆ. ಒಂದು ಮಿಕ್ಸ್‌ನಲ್ಲಿ 128 ಟ್ರ್ಯಾಕ್‌ಗಳವರೆಗೆ ಇರಬಹುದು. ಕೇಳುವ ಜಾಗದಲ್ಲಿ ಹನ್ನೆರಡು ಸ್ಪೀಕರ್ ಇವೆಯೋ, ಐದು ಇವೆಯೋ, ಬರೀ ಹೆಡ್‌ಫೋನ್ ಇದೆಯೋ ಎಂದು ನೋಡಿಕೊಂಡು ಯಂತ್ರವೇ ದನಿಯನ್ನು ಹಂಚುತ್ತದೆ. 2021ರ ಜೂನ್‌ನಲ್ಲಿ ಆಪಲ್ ಮ್ಯೂಸಿಕ್ ಇದನ್ನು ಹೆಚ್ಚಿನ ಶುಲ್ಕವಿಲ್ಲದೆ ಕೊಡಲಾರಂಭಿಸಿತು. ವಿಶೇಷ ತಟ್ಟೆ, ವಿಶೇಷ ಮುಳ್ಳು ಯಾವುದೂ ಬೇಕಾಗಿಲ್ಲ.

ತಂಬೂರಿ ಶ್ರುತಿ, ದಾವಣಗೆರೆ

ಶುಲ್ಕವಿಲ್ಲ, ನಿಜ, ಆದರೆ ಏನು ಕೊಡುತ್ತಿದ್ದಾರೆ ಎಂಬುದನ್ನೂ ಹೇಳಬೇಕಲ್ಲವೇ ಮೇಡಂ? ಅಲ್ಲಿ ಸ್ಟೀರಿಯೊ ಹಾಡು ಒಂದಿಷ್ಟೂ ನಷ್ಟವಿಲ್ಲದ ರೂಪದಲ್ಲಿ ಸಿಗುತ್ತದೆ. ಅಟ್ಮಾಸ್ ಮಾತ್ರ ಡಾಲ್ಬಿ ಡಿಜಿಟಲ್ ಪ್ಲಸ್ ರೂಪದಲ್ಲಿ, ಸೆಕೆಂಡಿಗೆ 768 ಕಿಲೋಬಿಟ್‌ನೊಳಗೆ ಹಿಂಡಿ ಬರುತ್ತದೆ. ಅಷ್ಟರಲ್ಲೇ ಎಲ್ಲ ದಿಕ್ಕಿನ ದನಿಯೂ ಹಿಡಿಯಬೇಕು. ನಷ್ಟವಿಲ್ಲದ ಅಟ್ಮಾಸ್ ಬೇಕಾದರೆ ಟ್ರೂಎಚ್‌ಡಿ ಎಂಬ ರೂಪವಿರುವ ಬ್ಲೂ-ರೇ ತಟ್ಟೆಯಂಥದ್ದನ್ನು ಕೊಳ್ಳಬೇಕು, ಅದರಲ್ಲಿ ವಚನ ಗಾಯನ ಎಲ್ಲಿ ಸಿಗುತ್ತದೆ? ನಾವು ಕೇಳುವ ಸಂಗೀತವೇ ಇಲ್ಲದ ರೂಪಕ್ಕೆ ಏಳು ಸ್ಪೀಕರ್ ಹಾಕಿಸುವುದು ನನಗೆ ಅರ್ಥವಾಗುವುದಿಲ್ಲ.

ರಾತ್ರಿ ಹೆಡ್‌ಫೋನ್, ಹೊಳಲ್ಕೆರೆ

ನಾನು ಅಟ್ಮಾಸ್ ಹಾಡುಗಳನ್ನು ಹೆಡ್‌ಫೋನಿನಲ್ಲೇ ಕೇಳುತ್ತೇನೆ. ಕೆಲವು ಅದ್ಭುತವಾಗಿವೆ. ಹಲವು ಹಾಡುಗಳಲ್ಲಿ ಕಂಠ ದೂರ ಸರಿದು ಡೋಲಕ್ಕಿನ ಏಟು ಸಪ್ಪೆಯಾಗುತ್ತದೆ. ಹೀಗೇಕೆ?

ಕೋಟೆ ಬಾಗಿಲು, ಚಿತ್ರದುರ್ಗ

ಎರಡು ಕಾರಣಗಳಿವೆ. ಹೆಡ್‌ಫೋನಿನಲ್ಲಿ ಸುತ್ತುಧ್ವನಿಯ ಭ್ರಮೆ ಹುಟ್ಟಿಸಲು ತಲೆ ಮತ್ತು ಹೊರಗಿವಿಯ ಸೋಸುವಿಕೆಯನ್ನು ಲೆಕ್ಕದಿಂದ ಸೇರಿಸುತ್ತಾರೆ. ಆ ಲೆಕ್ಕ ಯಾವುದೋ ಸರಾಸರಿ ಕಿವಿಯದು. ನಿಮ್ಮ ಕಿವಿ ಅದಕ್ಕೆ ಹತ್ತಿರವಿದ್ದರೆ ದನಿ ಹೊರಗೆ ನಿಲ್ಲುತ್ತದೆ, ಇಲ್ಲದಿದ್ದರೆ ತಲೆಯೊಳಗೇ ಕಲಸಿಹೋಗುತ್ತದೆ. 2022ರಿಂದ ಐಫೋನಿನ ಕ್ಯಾಮೆರಾದಲ್ಲಿ ಕಿವಿಯ ಆಕಾರ ತೋರಿಸಿ ಲೆಕ್ಕವನ್ನು ತಿದ್ದಿಕೊಳ್ಳುವ ಅವಕಾಶ ಬಂದಿದೆ, ಸಾಧ್ಯವಿದ್ದರೆ ಪ್ರಯತ್ನಿಸಿ. ಎರಡನೆಯ ಕಾರಣ ಮಿಕ್ಸ್ ಮಾಡಿದವರ ಅವಸರ. ಇದ್ದ ಸ್ಟೀರಿಯೊ ಟ್ರ್ಯಾಕ್‌ಗಳನ್ನೇ ಆ ಕಡೆ ಈ ಕಡೆ ಎಳೆದು, ಮೇಲೊಂದಿಷ್ಟು ಅನುರಣನ ಸುರಿದು, ಅಟ್ಮಾಸ್ ಎಂದು ಹೆಸರಿಟ್ಟು ಕಳುಹಿಸಿದ ಹಾಡುಗಳು ಬೇಕಾದಷ್ಟಿವೆ. ನಮ್ಮ ವೃತ್ತಿಯ ಬಗ್ಗೆ ನನಗೆ ಬೇಸರ ತರಿಸುವ ಸಂಗತಿಗಳಲ್ಲಿ ಇದೂ ಒಂದು.

ಪದವಿ ಭೌತಶಾಸ್ತ್ರ, ಚಿತ್ರದುರ್ಗ

ಮೂರನೆಯ ಕಾರಣವನ್ನೂ ಸೇರಿಸಿ: ಗಟ್ಟಿತನ. ಅಟ್ಮಾಸ್ ಸಂಗೀತಕ್ಕೆ ಡಾಲ್ಬಿಯವರು ಸರಾಸರಿ ಗಟ್ಟಿತನದ ಮಿತಿಯನ್ನು ಮೈನಸ್ 18 ಎಲ್‌ಕೆಎಫ್‌ಎಸ್ (ಇದು ಗಟ್ಟಿತನದ ಮಾನ) ಎಂದು ನಿಗದಿಪಡಿಸಿದ್ದಾರೆ. ಸ್ಟೀರಿಯೊ ಚಿತ್ರಗೀತೆಗಳನ್ನು ಅದಕ್ಕಿಂತ ಬಹಳ ಗಟ್ಟಿಯಾಗಿ ಅದುಮಿ ತಯಾರಿಸುವುದು ರೂಢಿ. ಒಂದೇ ವಾಲ್ಯೂಮ್‌ನಲ್ಲಿ ಎರಡನ್ನೂ ಹಾಕಿ ನೋಡಿದವರಿಗೆ ಅಟ್ಮಾಸ್ ಸಪ್ಪೆ ಎನಿಸುವುದು ಸಹಜ, ಏಕೆಂದರೆ ಗಟ್ಟಿಯಾಗಿರುವುದು ಮೊದಲ ಕ್ಷಣಕ್ಕೆ ಚೆನ್ನಾಗಿಯೇ ಕೇಳಿಸುತ್ತದೆ. ಮೊಬೈಲಿನಲ್ಲಿ ಶಬ್ದಮಾಪಕದ ಆ್ಯಪ್ ಹಾಕಿಕೊಂಡು, ಎರಡನ್ನೂ ಒಂದೇ ಮಟ್ಟಕ್ಕೆ ತಂದ ಮೇಲೆ ಹೋಲಿಸಿ ನೋಡಿ. ಅಲ್ಲಿಯವರೆಗೆ ಯಾರ ತೀರ್ಪನ್ನೂ ನಂಬಬೇಡಿ, ಅಂಗಡಿಯವರದನ್ನಂತೂ ಬೇಡವೇ ಬೇಡ.

ಇನ್ನು ಕೋಣೆಯ ವಿಚಾರ. ಸಿಮೆಂಟ್ ಗೋಡೆ, ಗ್ರಾನೈಟ್ ನೆಲ, ಆರ್‌ಸಿಸಿ ಛಾವಣಿ ಇರುವ ಖಾಲಿ ಕೋಣೆಯ ಮಧ್ಯೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿ. ಚಪ್ಪಾಳೆಯ ಹಿಂದೆಯೇ ‘ಟರ್ರ್’ ಎಂಬ ಸಣ್ಣ ಸದ್ದು ಎಳೆದುಕೊಂಡು ಹೋದರೆ ಎದುರುಬದುರು ಗೋಡೆಗಳ ನಡುವೆ ದನಿ ಪುಟಿದಾಡುತ್ತಿದೆ ಎಂದರ್ಥ. ಇದು ಎರಡು ಸ್ಪೀಕರಿಗೂ ಕೆಡುಕು, ಏಳಕ್ಕೂ ಕೆಡುಕು. ನಮ್ಮಲ್ಲಿ ಕೆಲವರು ಚಳ್ಳಕೆರೆಯ ಕಂಬಳಿಯನ್ನು ಗೋಡೆಗೆ ಬಿಗಿದು ಸಮಾಧಾನಪಡುತ್ತಾರೆ. ಗೋಡೆಗೆ ಅಂಟಿಕೊಂಡ ಕಂಬಳಿ ತಾರದ ಸದ್ದನ್ನು ಮಾತ್ರ ಹೀರುತ್ತದೆ. ಮಂದ್ರ ಹಾಗೆಯೇ ಉಳಿದು ಕೋಣೆ ಇನ್ನಷ್ಟು ಮಬ್ಬಾಗುತ್ತದೆ. 1000 ಹರ್ಟ್ಸ್‌ನ ಅಲೆಯ ಉದ್ದ ಸುಮಾರು 34 ಸೆಂಟಿಮೀಟರ್. ಅದರ ಕಾಲು ಭಾಗದಷ್ಟಾದರೂ ದಪ್ಪ ಅಥವಾ ಅಂತರ ಇದ್ದರೆ ಹೀರುವಿಕೆ ಚೆನ್ನಾಗಿ ಆಗುತ್ತದೆ. ಆದ್ದರಿಂದ ಗಾದಿ ಅಂಗಡಿಯಲ್ಲಿ ನಾಲ್ಕು ಇಂಚು ದಪ್ಪಕ್ಕೆ ಹತ್ತಿ ತುಂಬಿಸಿ, ಮರದ ಚೌಕಟ್ಟಿಗೆ ಹಾಕಿ, ಗೋಡೆಯಿಂದ ಅರ್ಧ ಗೇಣು ಬಿಟ್ಟು ನಿಲ್ಲಿಸಿ. ಹತ್ತಿಯ ಊರಿನಲ್ಲಿರುವವರಿಗೆ ಇದು ಕಷ್ಟವಾಗಲಾರದು. 100 ಹರ್ಟ್ಸ್‌ನ ಅಲೆ ಮೂರು ಮೀಟರಿಗೂ ಉದ್ದ. ಅದಕ್ಕೆ ಗಾದಿಯೂ ಸಾಲದು, ಸ್ಪೀಕರ್ ಮತ್ತು ಕುರ್ಚಿಯ ಜಾಗವನ್ನೇ ಸರಿಸಿ ನೋಡಬೇಕು.

ಜಂತೆ ಮಾಳಿಗೆ, ಹಿರಿಯೂರು

ಛಾವಣಿಗೆ ದನಿ ಹೊಡೆದು ಕೆಳಕ್ಕೆ ಇಳಿಸುವ ಸ್ಪೀಕರುಗಳಿವೆಯಲ್ಲ, ಅವು ನಮ್ಮಂಥ ಹಳೆಯ ಮನೆಗಳಿಗೆ ಹೊಂದುತ್ತವೆಯೇ ಎಂದು ಯಾರಾದರೂ ತಿಳಿಸಿ.

ಪದವಿ ಭೌತಶಾಸ್ತ್ರ, ಚಿತ್ರದುರ್ಗ

ಹೊಂದುವುದಿಲ್ಲ. ಅವಕ್ಕೆ ಸಮತಟ್ಟಾದ ಗಟ್ಟಿ ಛಾವಣಿ ಬೇಕು. ಜಂತೆ, ತೊಲೆಗಳ ನಡುವೆ ದನಿ ಚದುರಿಹೋಗುತ್ತದೆ. ಸಂಗೀತ ಕೇಳುವುದಕ್ಕೆ ಆ ಚದುರುವಿಕೆ ಒಳ್ಳೆಯದೇ. ಜಂತೆ ಮಾಳಿಗೆಯ ಪಡಸಾಲೆಯಲ್ಲಿ ಎರಡು ಸ್ಪೀಕರ್ ಬಹಳ ಹಿತವಾಗಿ ಕೇಳಿಸುತ್ತವೆ.

ಹಳೇ ತಟ್ಟೆ, ಹರಿಹರ

ಹಳೆಯ ಚಿತ್ರಗೀತೆಗಳ ಮಾತು ಯಾರೂ ಎತ್ತಲಿಲ್ಲ. ಅವು ಮೂಲದಲ್ಲಿ ಮೊನೊ, ಎಂದರೆ ಎಡ ಬಲವಿಲ್ಲದ ಒಂದೇ ದನಿ. ಒಂದೇ ಕೋಣೆಯಲ್ಲಿ ವಾದ್ಯದವರನ್ನೆಲ್ಲ ಕೂರಿಸಿ, ಗಟ್ಟಿ ವಾದ್ಯವನ್ನು ಮೈಕಿನಿಂದ ದೂರಕ್ಕೆ, ಮೆತ್ತನೆಯ ವಾದ್ಯವನ್ನು ಹತ್ತಿರಕ್ಕೆ ಇಟ್ಟು ಸಂಗೀತ ನಿರ್ದೇಶಕರು ಸಮತೋಲ ಸಾಧಿಸುತ್ತಿದ್ದರು. ಅದು ಅವರ ಮಿಕ್ಸಿಂಗ್. ಈಗ ಯಂತ್ರದಿಂದ ಕಂಠ ಬೇರೆ, ತಬಲಾ ಬೇರೆ, ಪಿಟೀಲು ಬೇರೆ ಎಂದು ಸೀಳಿ ಸುತ್ತಲೂ ಹರಡುತ್ತಿದ್ದಾರೆ. ಬೀಟಲ್ಸ್ ತಂಡದ 1966ರ ಆಲ್ಬಮ್ಮೊಂದಕ್ಕೆ 2022ರಲ್ಲಿ ಹೀಗೆ ಮಾಡಿದರು. ಚಿತ್ರ ನಿರ್ದೇಶಕ ಪೀಟರ್ ಜಾಕ್ಸನ್ ಅವರ ತಂಡದ ತಂತ್ರಾಂಶ ಅದಕ್ಕೆ ಬಳಕೆಯಾಯಿತು. ಅಲ್ಲಿ ಮೂಲ ಟೇಪುಗಳಿದ್ದವು, ಮೂಲ ನಿರ್ಮಾಪಕರ ಮಗನೇ ಮುಂದೆ ನಿಂತು ಮಾಡಿಸಿದರು. ನಮ್ಮ ಹಾಡುಗಳಿಗೆ ಆ ಕಾಳಜಿ ವಹಿಸುವವರು ಯಾರು? ಸೀಳಿದ ಕಂಠದ ಅಂಚಿನಲ್ಲಿ ನೀರೊಳಗಿಂದ ಬಂದಂತಹ ಒಂದು ಗುಳುಗುಳು ಉಳಿಯುತ್ತದೆ. ಒಮ್ಮೆ ಅದನ್ನು ಗುರುತಿಸಿದ ಮೇಲೆ ಬೇರೇನೂ ಕೇಳಿಸುವುದಿಲ್ಲ.

ವಿದ್ಯಾನಗರದ ಕೇಳುಗರ ಮಗಳು

ಅಪ್ಪನ ಖಾತೆಯಿಂದಲೇ ಬರೆಯುತ್ತಿದ್ದೇನೆ, ಕ್ಷಮಿಸಿ. ಹಳೇ ತಟ್ಟೆ ಅಜ್ಜ, ಹಳೆಯ ಹಾಡನ್ನು ಸೀಳಬಾರದು ಎಂಬುದನ್ನು ಒಪ್ಪುತ್ತೇನೆ. ಆದರೆ ರಾಕ್ ಸಂಗೀತದಲ್ಲಿ ಮೊದಲಿನಿಂದಲೂ ಹತ್ತಾರು ಟ್ರ್ಯಾಕ್‌ಗಳನ್ನು ಒಂದರ ಮೇಲೊಂದು ಪೇರಿಸಿಯೇ ಹಾಡು ಕಟ್ಟುತ್ತಾರೆ. ಅದು ಯಾವ ವೇದಿಕೆಯ ಮೇಲೂ ನಡೆದದ್ದಲ್ಲ, ಹಾಗಾಗಿ ಎಲ್ಲವೂ ಎದುರಿನಿಂದಲೇ ಬರಬೇಕೆಂಬ ನಿಯಮ ಅದಕ್ಕೆ ಏಕೆ ಬೇಕು? ಬ್ರಿಟಿಷ್ ಸಂಗೀತಗಾರ ಸ್ಟೀವನ್ ವಿಲ್ಸನ್ ಅವರು ಕಿಂಗ್ ಕ್ರಿಮ್ಸನ್, ಯೆಸ್ ಮುಂತಾದ ತಂಡಗಳ ಹಳೆಯ ಆಲ್ಬಮ್ಮುಗಳನ್ನು ಮೂಲ ಟ್ರ್ಯಾಕ್‌ಗಳಿಂದಲೇ 5.1ಕ್ಕೆ (ಐದು ಸ್ಪೀಕರ್, ಒಂದು ಸಬ್‌ವೂಫರ್) ಮಿಕ್ಸ್ ಮಾಡಿದ್ದಾರೆ. ಸ್ನೇಹಿತೆಯ ಮನೆಯಲ್ಲಿ ಅಂಥದ್ದೊಂದನ್ನು ಕೇಳಿದಾಗ, ಸ್ಟೀರಿಯೊದಲ್ಲಿ ಗಿಟಾರಿನ ಕೆಳಗೆ ಹೂತುಹೋಗಿದ್ದ ಕೀಬೋರ್ಡಿನ ಸಾಲೊಂದು ಎಡ ಹಿಂಬದಿಯಲ್ಲಿ ತಾನಾಗಿ ನಡೆದುಕೊಂಡು ಹೋಗುತ್ತಿತ್ತು. ಹಾಡಿನ ಆ ಸಾಲು ಇದ್ದದ್ದೇ ನನಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ.

ತಂಬೂರಿ ಶ್ರುತಿ, ದಾವಣಗೆರೆ

ಮಗೂ, ಆ ಸಾಲು ಹೂತುಹೋಗಿರಬೇಕೆಂದೇ ಮೂಲ ಕಲಾವಿದರು ಬಯಸಿದ್ದಿರಬಹುದಲ್ಲವೇ? ಎಲ್ಲವನ್ನೂ ಬಿಡಿಬಿಡಿಯಾಗಿ ಎತ್ತಿ ತೋರಿಸುವುದೇ ಸಂಗೀತವಲ್ಲ. ಹಲವು ದನಿಗಳು ಬೆರೆತು ಒಂದಾಗುವುದರಲ್ಲಿಯೂ ಸುಖವಿದೆ.

ಬೀರಪ್ಪನ ಡೊಳ್ಳು, ಹೊಸದುರ್ಗ

ಇಲ್ಲಿಯವರೆಗೆ ಎಲ್ಲರೂ ಕಛೇರಿ ಮತ್ತು ಸ್ಟುಡಿಯೊ ಎಂಬ ಎರಡೇ ಬಗೆಯನ್ನು ಹೇಳುತ್ತಿದ್ದೀರಿ. ನಮ್ಮ ಡೊಳ್ಳಿಗೆ ವೇದಿಕೆಯೂ ಇಲ್ಲ, ಸ್ಟುಡಿಯೊವೂ ಇಲ್ಲ. ನಾವು ದುಂಡಗೆ ನಿಂತು ಬಾರಿಸುತ್ತೇವೆ. ಎಲ್ಲ ಡೊಳ್ಳುಗಳೂ ಕೂಡಿ ಕೇಳಿಸುವುದು ದುಂಡಿನ ಒಳಗೆ ನಿಂತವನಿಗೆ. ಇದುವರೆಗೆ ಬಂದ ಸಿಡಿಗಳಲ್ಲಿ ನಮ್ಮ ಡೊಳ್ಳು ಒಂದೇ ದೊಡ್ಡ ‘ಧಂ’ ಆಗಿಬಿಟ್ಟಿದೆ. ಯಾರು ಕೊಟ್ಟ ಏಟು, ಯಾರು ಎತ್ತಿಕೊಂಡ ಏಟು ಒಂದೂ ತಿಳಿಯುವುದಿಲ್ಲ. ಭಜನೆಯವರದೂ ಇದೇ ಕಥೆ. ಎದುರುಬದುರು ಎರಡು ಸಾಲು ಕುಳಿತು ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಎತ್ತಿಕೊಳ್ಳುತ್ತಾರೆ. ಸಿಡಿಯಲ್ಲಿ ಎರಡೂ ಸಾಲು ಒಂದೇ ಕಡೆ.

ಕೋಟೆ ಬಾಗಿಲು, ಚಿತ್ರದುರ್ಗ

ಅಣ್ಣಾ, ಬಹಳ ಒಳ್ಳೆಯ ಮಾತು ಹೇಳಿದಿರಿ. ಹೊಳಲ್ಕೆರೆ ಕಡೆಯ ಹಳ್ಳಿಯೊಂದರ ಬಯಲಿನಲ್ಲಿ ನಾವು ಒಂದು ಡೊಳ್ಳಿನ ತಂಡವನ್ನು ಹೀಗೆಯೇ ಮುದ್ರಿಸಿದೆವು. ದುಂಡಿನ ನಡುವೆ ಒಂದೇ ಸ್ಟ್ಯಾಂಡಿಗೆ ನಾಲ್ಕು ಮೈಕುಗಳನ್ನು ನಾಲ್ಕು ದಿಕ್ಕಿಗೆ ಮುಖಮಾಡಿ ಕಟ್ಟಿದ್ದೆವು, ಮೇಲೆ ಆಕಾಶದ ಕಡೆಗೆ ಇನ್ನೆರಡು. ನಮ್ಮ ಜಿಲ್ಲೆಯ ಗಾಳಿ ಎಂಥದ್ದೆಂದು ಗುಡ್ಡಗಳ ಮೇಲಿನ ಗಾಳಿಯಂತ್ರಗಳನ್ನು ನೋಡಿದವರಿಗೆ ಗೊತ್ತು. ಮೈಕುಗಳಿಗೆ ತುಪ್ಪಳದ ಟೋಪಿ ಹಾಕಿದರೂ ಗಾಳಿ ನಿಲ್ಲುವುದಕ್ಕೆ ಸಂಜೆಯವರೆಗೆ ಕಾಯಬೇಕಾಯಿತು. ಸ್ಟುಡಿಯೊಗೆ ಬಂದು ಆ ನಾಲ್ಕನ್ನು ನಾಲ್ಕು ಸ್ಪೀಕರಿಗೆ ನೇರವಾಗಿ ಕೊಟ್ಟೆವು, ಬೇರೆ ಏನನ್ನೂ ಸೇರಿಸಲಿಲ್ಲ. ಕೋಲಿನ ಏಟು ಒಬ್ಬರಿಂದ ಪಕ್ಕದವರಿಗೆ, ಅವರಿಂದ ಮುಂದಿನವರಿಗೆ ದಾಟುತ್ತಾ ಬಲಗಡೆಯಿಂದ ಬೆನ್ನ ಹಿಂದಕ್ಕೆ ಸುತ್ತಿ ಬಂತು. ನಡುವೆ ಹಿರಿಯರೊಬ್ಬರು ಎಡ ಹಿಂಬದಿಯಿಂದ ‘ಹ್ಞಾ’ ಎಂದು ಕೂಗಿ ಲಯ ಬದಲಿಸಿದಾಗ ಉಳಿದವರು ಅತ್ತ ತಿರುಗಿದ್ದು ಕೂಡ ಅವರ ಗೆಜ್ಜೆಯ ಸದ್ದಿನಿಂದ ತಿಳಿಯಿತು. ಅದೇ ಮುದ್ರಣವನ್ನು ಸ್ಟೀರಿಯೊಗೆ ಇಳಿಸಿದಾಗ ಇವೆಲ್ಲ ಕಳೆದುಹೋದವು; ಎಷ್ಟು ತಿದ್ದಿದರೂ ಮರಳಿ ಬರಲಿಲ್ಲ.

ಶ್ರುತಿ ಅವರೇ, ಸುತ್ತುಧ್ವನಿ ಎಲ್ಲದಕ್ಕೂ ಬೇಕೆಂದು ನಾನು ಹೇಳುತ್ತಿಲ್ಲ. ಸಂಗೀತ ಹುಟ್ಟಿದ ಜಾಗದಲ್ಲಿ ಕೇಳುಗ ಎಲ್ಲಿ ನಿಂತಿದ್ದ ಎಂಬುದನ್ನು ಮೊದಲು ಕೇಳಿಕೊಂಡು, ಅದಕ್ಕೆ ತಕ್ಕಂತೆ ಮುದ್ರಿಸಬೇಕು. ಆಮೇಲೆ ಯಂತ್ರದಲ್ಲಿ ಸುತ್ತಿಸುವುದರಿಂದ ಆ ಜಾಗ ಹುಟ್ಟುವುದಿಲ್ಲ.

ತಂಬೂರಿ ಶ್ರುತಿ, ದಾವಣಗೆರೆ

ಡೊಳ್ಳಿಗೆ ಒಪ್ಪಿದೆ. ಖಯಾಲ್ ಗಾಯನಕ್ಕೆ ಒಪ್ಪುವುದಿಲ್ಲ.

ಮಂಡಿಪೇಟೆ

ವಾದ ನಡೆಯಲಿ, ಆದರೆ ಮೂಲ ಪ್ರಶ್ನೆ ಕೇಳಿದವರಿಗೆ ಈ ವಾರ ಪ್ಲಾಸ್ಟರಿಂಗ್ ಇದೆ. ಸರ್, ಸ್ಪೀಕರ್ ಕೊಳ್ಳುವುದನ್ನು ಮುಂದಕ್ಕೆ ಹಾಕಬಹುದು, ಪೈಪಿನ ಕೆಲಸವನ್ನು ಮುಂದೂಡಲಾಗದು. ಎದುರು ಗೋಡೆಗೆ ಮೂರು ಕಡೆ, ಕೂರುವ ಜಾಗದ ಎರಡೂ ಪಕ್ಕದ ಗೋಡೆಗೆ ಒಂದೊಂದು, ಛಾವಣಿಯ ಅಂಚಿಗೆ ಎರಡು ಪೈಪು ಈಗಲೇ ಹಾಯಿಸಿ, ಒಳಗೆ ಎಳೆಯುವ ತಂತಿ ಬಿಟ್ಟು ಬಾಯಿ ಮುಚ್ಚಿಸಿ. ಕರೆಂಟಿನ ವೈರು ಇರುವ ಪೈಪಿನೊಳಗೆ ಇದನ್ನು ಸೇರಿಸಲು ಮೇಸ್ತ್ರಿಗೆ ಬಿಡಬೇಡಿ, ಗುಂಯ್ ಎಂಬ ಸದ್ದು ಹತ್ತಿಕೊಳ್ಳುತ್ತದೆ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸಿನಂತೆ ಎಡ ಬಲ ಸ್ಪೀಕರುಗಳು ನಡುವಿನಿಂದ 30 ಡಿಗ್ರಿಗೆ, ಹಿಂಬದಿಯವು 100ರಿಂದ 120 ಡಿಗ್ರಿಗೆ ಬರಬೇಕು. ಎಂದರೆ ಅವು ಪೂರ್ತಿ ಬೆನ್ನ ಹಿಂದಲ್ಲ, ಭುಜದಿಂದ ಸ್ವಲ್ಪ ಹಿಂದಕ್ಕೆ. ಬಹಳ ಮನೆಗಳಲ್ಲಿ ಹಿಂದಿನ ಗೋಡೆಯ ಮೂಲೆಗೆ, ಛಾವಣಿಯ ಹತ್ತಿರ ನೇತುಹಾಕಿಬಿಡುತ್ತಾರೆ.

ವಿದ್ಯಾನಗರದ ಕೇಳುಗ, ದಾವಣಗೆರೆ

ಎಲ್ಲರಿಗೂ ಧನ್ಯವಾದಗಳು. ಪೈಪು ಹಾಕಿಸುತ್ತೇನೆ, ಈಗ ಎದುರಿನ ಎರಡನ್ನು ಮಾತ್ರ ಚೆನ್ನಾಗಿರುವುದನ್ನೇ ಕೊಳ್ಳುತ್ತೇನೆ. ಕೋಟೆ ಬಾಗಿಲು ಮೇಡಂ, ಒಂದು ಪ್ರಶ್ನೆ ಉಳಿದಿದೆ. ನಾಳೆ ನೀವೇ ವಚನ ಗಾಯನವೊಂದನ್ನು ಅಟ್ಮಾಸ್‌ಗೆ ಮಿಕ್ಸ್ ಮಾಡುವುದಾದರೆ ಯಾವುದನ್ನು ಎಲ್ಲಿ ಇಡುತ್ತೀರಿ?

ಕೋಟೆ ಬಾಗಿಲು, ಚಿತ್ರದುರ್ಗ

ಕಂಠ ನಡುವಿನ ಸ್ಪೀಕರಿನಲ್ಲಿ, ಎಡ ಬಲಕ್ಕೂ ತುಸು ಹಂಚಿ. ತಬಲಾ ಮತ್ತು ಹಾರ್ಮೋನಿಯಂ ಎದುರಿನ ಎಡ ಬಲದಲ್ಲಿ, ಶ್ರುತಿ ಅವರು ಹೇಳಿದಂತೆಯೇ. ಹಿಂಬದಿಗೆ ಸಭಾಂಗಣದ ಅನುರಣನ ಮಾತ್ರ. ಅದನ್ನೂ ಯಂತ್ರದಿಂದ ತರದೆ, ಹಾಡುವಾಗಲೇ ಸಭಾಂಗಣದ ಹಿಂದಿನ ಸಾಲಿನಲ್ಲಿ ಮೈಕು ಇಟ್ಟು ಹಿಡಿದಿರುತ್ತೇನೆ. ತಂಬೂರಿಯನ್ನು ಮಾತ್ರ ಎದುರಿನಿಂದ ಹೊರಟು ಎರಡೂ ಪಕ್ಕಕ್ಕೆ ಹಬ್ಬುವಂತೆ ಅಗಲಿಸುತ್ತೇನೆ, ಏಕೆಂದರೆ ವೇದಿಕೆಯ ಮೇಲೆ ಹಾಡುವವರ ಕಿವಿಗೆ ಅದು ಹಾಗೆಯೇ ಕೇಳಿಸುತ್ತದೆ.

ತಂಬೂರಿ ಶ್ರುತಿ, ದಾವಣಗೆರೆ

ಹಾಡುವವರ ಕಿವಿಗೆ ಕೇಳಿಸುವುದು ಹಾಡುವವರಿಗೆ ಸಲ್ಲಬೇಕಾದದ್ದು ಮೇಡಂ. ನಾನು ಸಭೆಯಲ್ಲಿ ಕುಳಿತವನು. ನನ್ನ ತಂಬೂರಿ ಗಾಯಕರ ಹಿಂದೆಯೇ ಇರಲಿ. ಉಳಿದದ್ದಕ್ಕೆಲ್ಲ ನನ್ನ ಒಪ್ಪಿಗೆ ಇದೆ. ಆ ಮಿಕ್ಸ್ ಮಾಡಿದ ದಿನ ತಿಳಿಸಿ, ಚಿತ್ರದುರ್ಗಕ್ಕೆ ಬಂದು ಕೇಳುತ್ತೇನೆ.